ಬಿತ್ತನೆಗೆ ಉಳಿಯದ ಬೂತಾಯಿ

(ಚಳ್ಳಕೆರೆಯಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ವಿದ್ಯಾರ್ಥಿಗಳೆದುರು ಆಡಿದ ಮಾತುಗಳ ಬರಹರೂಪ)



ಮಲೆನಾಡಿನಿಂದ ಬಂದವನು ಬಯಲುಸೀಮೆಯಲ್ಲಿ ನಿಂತು ಕಡಲಮೀನಿನ ವಿಷಯ ತೆಗೆಯುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ನಾನು ಹೇಳಬೇಕಾದುದನ್ನು ನಿಮ್ಮಷ್ಟು ಬೇಗ ಗ್ರಹಿಸುವವರು ಕಡಿಮೆ. ಚಳ್ಳಕೆರೆ ಎಣ್ಣೆಯ ಊರು. ಇಲ್ಲಿನ ರೈತ ಎಂಥ ಕಷ್ಟದಲ್ಲಿಯೂ ಬಿತ್ತನೆಯ ಶೇಂಗಾವನ್ನು ಮಿಲ್ಲಿಗೆ ಹಾಕಲು ಹಿಂಜರಿಯುತ್ತಾನೆ. ಮೊಳಕಾಲ್ಮುರು ರೇಷ್ಮೆಯ ಊರು. ನೂಲು ತೆಗೆಯುವ ಗೂಡು ಬೇರೆ, ಚಿಟ್ಟೆ ಹೊರಬಂದು ಮೊಟ್ಟೆಯಿಡಲೆಂದು ಉಳಿಸುವ ಬಿತ್ತನೆ ಗೂಡು ಬೇರೆ ಎಂಬುದು ರೇಷ್ಮೆ ಬಲ್ಲವರಿಗೆ ತಿಳಿದದ್ದೇ.

ಬೂತಾಯಿಯೂ ಎಣ್ಣೆಯ ಮೀನೇ. ಕುಂದಾಪುರದ ಕಡೆ ಇದಕ್ಕೆ ಬೈಗೆ ಎನ್ನುತ್ತಾರೆ. ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಸುಮಾರು ಒಂದು ವರ್ಷ ತುಂಬಿ, ಉದ್ದ 15 ಸೆಂ.ಮೀ.ಗೆ ಬಂದಾಗ ಮೊದಲ ಬಾರಿಗೆ ಸಂತಾನಕ್ಕೆ ಸಿದ್ಧವಾಗುತ್ತದೆ. ಕಾಲ ಮುಂಗಾರು, ಜೂನ್‌ನಿಂದ ಆಗಸ್ಟ್ ಮುಖ್ಯ. ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಗಂಡು ಅದೇ ನೀರಿನಲ್ಲಿ ವೀರ್ಯ ಬಿಡುತ್ತದೆ. ಗೂಡಿಲ್ಲ, ಕಾವಲಿಲ್ಲ. ತೇಲುತ್ತಿರುವ ಮೊಟ್ಟೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಒಡೆಯುತ್ತದೆ. ಆ ಎಳೆಮರಿಗೆ ಆಹಾರ ಎಲ್ಲಿಂದ? ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ತಳದ ತಣ್ಣೀರು ಸತ್ವ ಹೊತ್ತು ಮೇಲೇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಆ ಹಸಿರೇ ಮರಿಯ ತೊಟ್ಟಿಲು. ಮಳೆ ಕೈಕೊಟ್ಟ ವರ್ಷಗಳಲ್ಲಿ ತಾಯಿಯ ಹೊಟ್ಟೆಯೊಳಗಿನ ಅಂಡಗಳು ಬಲಿಯದೆ ಕರಗಿಹೋಗುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಹೂ ಬಿಟ್ಟು ಕಾಯಿ ಕಟ್ಟದ ಶೇಂಗಾ ಹೊಲ ನೋಡಿದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮಳೆ ನಮ್ಮ ಕೈಯಲ್ಲಿಲ್ಲ. ಬಲೆ ನಮ್ಮ ಕೈಯಲ್ಲಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಇಷ್ಟೂ ಬಲೆಯ ತಪ್ಪೆಂದು ನಾನು ಹೇಳಲಾರೆ, ಕಡಲಿನ ಬಿಸಿಯೂ ಕಾರಣ. ಆಮೇಲೆ ಮೀನು ಚೇತರಿಸಿಕೊಂಡಿದೆ. ಆದರೆ ಬಸಿರೇ ಕಾಣದ ಎಳೆಮೀನು ಸಣ್ಣಕಣ್ಣಿನ ಬಲೆಗೆ ಬಿದ್ದು, ಮೀನುಪುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗೆ ಹೋಗುವುದು ನಿಂತಿಲ್ಲ. ಇದು ಬಿತ್ತನೆ ಗೂಡನ್ನೇ ಬಿಸಿನೀರಿಗೆ ಹಾಕಿದಂತಲ್ಲವೇ?

ಕಾನೂನು ಇಲ್ಲವೆಂದಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಮೊಟ್ಟೆಯಿಡುವ ಕಾಲದ ದೊಡ್ಡ ಭಾಗಕ್ಕೆ ಅದು ರಕ್ಷಣೆ. ಇನ್ನು ಗಾತ್ರದ ವಿಚಾರ. ಕೇರಳ 2015ರಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ನಿಗದಿಪಡಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಲೆಕ್ಕ ಹಾಕಿ: ಮೀನು ಬಲಿಯುವುದು 15ಕ್ಕೆ, ಹಿಡಿಯಲು ಒಪ್ಪಿಗೆ 10ಕ್ಕೆ. ನಡುವಿನ ಐದು ಸೆಂಟಿಮೀಟರಿನಲ್ಲಿ ಸಾಯುವ ಮೀನು ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ನನ್ನ ತಕರಾರು ಇಷ್ಟೇ, ಮತ್ತು ಇದು ದಿನದ ದುಡಿಮೆಯನ್ನು ನಂಬಿದ ನಾಡದೋಣಿಯ ಮೀನುಗಾರನ ಮೇಲಲ್ಲ. ಮರಿಮೀನಿಗೂ ಬೆಲೆ ಕಟ್ಟಿ ಕೊಳ್ಳುವ ವ್ಯಾಪಾರದ ಮೇಲೆ.

ನಿಮ್ಮ ಕಂಪಾಸು ಪೆಟ್ಟಿಗೆಯ ಸ್ಕೇಲು ಸರಿಯಾಗಿ 15 ಸೆಂ.ಮೀ. ಸಂತೆಯ ಒಣಮೀನಿನ ರಾಶಿಯಲ್ಲಿ ಬೂತಾಯಿ ಸಿಕ್ಕರೆ ಅದರ ಪಕ್ಕಕ್ಕಿಟ್ಟು ನೋಡಿ. ಒಣಗಿದ ಮೀನು ತುಸು ಕುಗ್ಗಿರುತ್ತದೆ, ಅಷ್ಟು ರಿಯಾಯಿತಿ ಕೊಡಿ. ಅಳೆದದ್ದನ್ನು ಬರೆದಿಟ್ಟು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.