ಸೀಗೀ ಹುಣ್ಣಿಮೆಯ ಚರಗ



ಚಂದ್ರನು ಅಶ್ವಿನೀ ನಕ್ಷತ್ರದ ಸಮೀಪದಲ್ಲಿ ಪೂರ್ಣನಾಗುವ ಕಾರಣದಿಂದ ಆಶ್ವಯುಜ ಮಾಸಕ್ಕೆ ಆ ಹೆಸರು ಬಂದಿತು. ಆ ಮಾಸದ ಹುಣ್ಣಿಮೆಗಾದರೋ ಹೆಸರುಗಳು ಹಲವು. ಪಂಚಾಂಗದವರು ಶರತ್ಪೂರ್ಣಿಮೆಯೆನ್ನುವರು. ಲಕ್ಷ್ಮಿಯು ಆ ರಾತ್ರಿ ಸಂಚರಿಸುತ್ತ 'ಎಚ್ಚತ್ತಿರುವವರಾರು?' ಎಂದು ಕೇಳುವಳೆಂಬ ಕಥೆಯಿಂದ ಕೋಜಾಗರಿಯೆಂಬ ಹೆಸರಾಯಿತು. ಮಲೆನಾಡಿಗರಿಗೆ ಇದು ಭೂಮಿ ಹುಣ್ಣಿಮೆ. ಬಡಗಣ ಬಯಲುಸೀಮೆಯ ಒಕ್ಕಲಿಗರಿಗೆ ಸೀಗೀ ಹುಣ್ಣಿಮೆ.

ಈ ಎರಡು ಸೀಮೆಗಳ ಆಚಾರಗಳು ಬೇರೆಯಾದರೂ ಭಾವವು ಒಂದೇ. ಪೈರು ತೆನೆಗಟ್ಟುವ ಆ ಕಾಲದಲ್ಲಿ ಭೂಮಿತಾಯಿಯು ಬಸುರಿ; ಆಕೆಯ ಬಯಕೆಯನ್ನು ತೀರಿಸುವದು ಮಕ್ಕಳ ಧರ್ಮ. ಮಲೆನಾಡಿನ ದೀವರ ಮನೆಗಳಲ್ಲಿ ಹೆಂಗಳೆಯರು ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವರು. ಇರುಳೆಲ್ಲ ಎಚ್ಚತ್ತು ಬಗೆಬಗೆಯ ಸೊಪ್ಪುಗಳನ್ನು ಬೇಯಿಸುವರು. ನಸುಕಿನಲ್ಲಿ ಗಂಡಸರು ಅದನ್ನು ಗದ್ದೆಗೊಯ್ದು ಬೀರುವರು. ಬಯಲುಸೀಮೆಯಲ್ಲಿ ಮನೆಮಂದಿಯೆಲ್ಲ ಬಂಡಿ ಕಟ್ಟಿ ಬುತ್ತಿಯೊಡನೆ ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೋಳಿಗೆ, ಕಡಬು, ಸಜ್ಜೆಯ ರೊಟ್ಟಿ, ಪಲ್ಯಗಳನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುವರು. ಇದೇ ಚರಗ.

ಇಷ್ಟಲಿಂಗವೊಂದನ್ನೇ ನಂಬಿದ ಭಕ್ತನು ಹೊಲದ ಕಲ್ಲಿಗೆ ಕೈಮುಗಿಯಬಹುದೇ ಎಂಬ ಸಂಶಯವು ಇಲ್ಲಿ ಏಳುವದು. ಸಂಶಯವು ಯುಕ್ತವಾದುದೇ. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದರು. ಆದುದರಿಂದ ಕಲ್ಲನ್ನು ಪೂಜಿಸದವನಿಗೆ ದೋಷವಿಲ್ಲ. ಆದರೆ ಕಲ್ಲನ್ನು ಬಿಡುವ ಭರದಲ್ಲಿ ಚರಗವನ್ನೂ ಬಿಟ್ಟರೆ ತಿರುಳೇ ಹೋಗುವದು. ಎರಚಿದ ಅನ್ನವು ಯಾರಿಗೆ ಸಲ್ಲುವದು? ಹಕ್ಕಿಗೆ, ಇರುವೆಗೆ, ಮಣ್ಣೊಳಗಿನ ಹುಳುವಿಗೆ. ರಾಶಿಯು ಇನ್ನೂ ಮನೆಗೆ ಬಂದಿಲ್ಲ. ಕಾಳೆಷ್ಟಾಗುವದೆಂಬ ಲೆಕ್ಕವೂ ತಿಳಿದಿಲ್ಲ. ಆದರೂ ಒಕ್ಕಲಿಗನು ತಾನುಣ್ಣುವ ಮುನ್ನ ಕೊಡುತ್ತಾನೆ. ಕಾಯಕದ ಫಲವನ್ನು ಹೀಗೆ ಹಂಚುವದನ್ನೇ ಶರಣರು ದಾಸೋಹವೆಂದು ಕರೆದರು.

ಚರಗ ಚೆಲ್ಲಿದ ಕೈಯೇ ಮರುದಿನ ಆಳಿನ ಕೂಲಿಯನ್ನು ತಡೆದರೆ, ಉದುರಿದ ತೆನೆಯನ್ನಾಯಲು ಬಂದ ಬಡವಳನ್ನು ಬದುವಿನಿಂದ ಅಟ್ಟಿದರೆ, ಬಸುರಿಯೆಂದು ಕರೆದ ಮಣ್ಣಿಗೆ ಮಿತಿಯಿಲ್ಲದೆ ವಿಷವನ್ನು ಸುರಿದರೆ, ಆ ಹುಣ್ಣಿಮೆಯು ಬರಿಯ ಊಟದ ಹಬ್ಬವಾಗಿ ಉಳಿಯುವದು. ಮಠದ ದಾಸೋಹದ ಕಣಜಕ್ಕೆ ಬರುವ ಕಾಳು ಇಂತಹ ಹೊಲಗಳಿಂದಲೇ ಬರುವದು. ಹೊಲದಲ್ಲಿ ಕರುಣೆಯಿದ್ದರೆ ಪಂಕ್ತಿಯಲ್ಲಿ ಪ್ರಸಾದವಿರುವದು. ಸದ್ಭಕ್ತರು ಇದನ್ನರಿತು, ಸೀಗೀ ಹುಣ್ಣಿಮೆಯ ಒಂದು ದಿನದ ಚರಗವನ್ನು ವರುಷದ ನಡತೆಯನ್ನಾಗಿ ಮಾಡಿಕೊಳ್ಳಲಿ.