ಒಂದು ಕಡೆ ತಿದ್ದಿದರೆ ನೂರು ಪುಟ ತಿದ್ದಿದಂತೆ
(ಝುವಾರಿನಗರದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಶಾಲೆಯ ಗಂಟೆ ಹೊಡೆದ ಮೇಲೆ ಮಗು ಕನ್ನಡದಲ್ಲಿ ಏನು ಓದಬೇಕು? 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಮ್ಮ ಮೊಬೈಲಿನಲ್ಲಿಯೇ ಸಿಗುತ್ತದೆ. ಸ್ವಯಂಸೇವಕರು ಕೂಡಿ ಬರೆಯುವ ವಿಶ್ವಕೋಶವದು. ಅಲ್ಲಿ ಮಾಹಿತಿ ಇದ್ದರಷ್ಟೇ ಸಾಲದು, ಮಗುವಿಗೆ ಅದು ಓದಲು ಬರುವಂತೆಯೂ ಇರಬೇಕು.

ಪುಟದ ಬಣ್ಣ, ಅಕ್ಷರದ ಗಾತ್ರ, ಸಾಲುಗಳ ಅಂತರ ಇವನ್ನು ಎರಡು ಬಗೆಯಲ್ಲಿ ಬರೆಯಬಹುದು. ಆಯಾ ಪುಟದ, ಆಯಾ ಕೋಷ್ಟಕದ ಒಳಗೇ ಬರೆದರೆ ಇನ್‌ಲೈನ್ ಸ್ಟೈಲ್. ಒಂದೇ ಕಡೆ ಬರೆದಿಟ್ಟು ಎಲ್ಲ ಪುಟಗಳೂ ಅದನ್ನೇ ಬಳಸುವಂತೆ ಮಾಡಿದರೆ ಸ್ಟೈಲ್‌ಶೀಟ್. ಶಾಲೆಯ ವೇಳಾಪಟ್ಟಿಯನ್ನು ಮುನ್ನೂರು ಮಕ್ಕಳ ವಹಿಗಳಲ್ಲಿ ಬರೆಸಿದರೆ, ವೇಳೆ ಬದಲಾದಾಗ ಮುನ್ನೂರು ವಹಿ ತಿದ್ದಬೇಕು. ಸೂಚನಾ ಫಲಕದಲ್ಲಿ ಬರೆದರೆ ಒಂದು ಸಲ ತಿದ್ದಿದರಾಯಿತು.

ಇಂಗ್ಲಿಷ್ ವಿಕಿಪೀಡಿಯದಿಂದ ಟೆಂಪ್ಲೇಟು, ಅಂದರೆ ಸಿದ್ಧ ಚೌಕಟ್ಟು, ನಕಲು ಮಾಡಿ ತಂದಾಗ ಅದರೊಳಗಿನ ಅಳತೆಗಳೂ ಜೊತೆಗೆ ಬರುತ್ತವೆ. ಇಂಗ್ಲಿಷಿಗೆ ಒತ್ತಕ್ಷರವಿಲ್ಲ. ಅದಕ್ಕೆ ಹೊಂದಿಸಿದ ಇಕ್ಕಟ್ಟಾದ ಸಾಲಿನಲ್ಲಿ 'ರಾಷ್ಟ್ರ', 'ಶಾಸ್ತ್ರ' ಎಂಬ ಪದಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕಂಪ್ಯೂಟರಿಗೆಂದು ಇಟ್ಟ ಅಗಲ ಮೊಬೈಲಿನ ಪರದೆಯಾಚೆ ಹೋಗುತ್ತದೆ. 2024ರಲ್ಲಿ ವಿಕಿಪೀಡಿಯಕ್ಕೆ ಕಪ್ಪು ಹಿನ್ನೆಲೆಯ ಸೌಲಭ್ಯ ಬಂತು. ಅದನ್ನು ಬಳಸುವಾಗ, ಒಳಗೇ ಬಿಳಿ ಹಿನ್ನೆಲೆ ಬರೆದಿಟ್ಟ ಚೌಕಗಳಲ್ಲಿ ಅಕ್ಷರಗಳೂ ಬೆಳ್ಳಗಾಗಿ ಕಾಣದೆ ಹೋಗಬಹುದು.

ಮೊದಲು ಇಡೀ ತಾಣದ ಸ್ಟೈಲ್‌ಶೀಟನ್ನು ತಿದ್ದುವ ಅಧಿಕಾರ ನಿರ್ವಾಹಕರಿಗೆ ಮಾತ್ರ ಇತ್ತು. ಉಳಿದವರು ತಂತಮ್ಮ ಪುಟದೊಳಗೇ ಬರೆದುಕೊಳ್ಳಬೇಕಾಗಿತ್ತು. 2018ರಲ್ಲಿ ಟೆಂಪ್ಲೇಟ್‌ಸ್ಟೈಲ್ಸ್ ಎಂಬ ವ್ಯವಸ್ಥೆ ಬಂದ ಮೇಲೆ ಒಂದೊಂದು ಟೆಂಪ್ಲೇಟಿಗೂ ಅದರದೇ ಸ್ಟೈಲ್‌ಶೀಟ್ ಇಡಬಹುದು. ಬೀಗ ಹಾಕಿರದ ಟೆಂಪ್ಲೇಟಿನದನ್ನು ಸಾಮಾನ್ಯ ಸಂಪಾದಕರೂ ತಿದ್ದಬಹುದು. ಅಪಾಯಕಾರಿ ಸಾಲುಗಳನ್ನು ತಂತ್ರಾಂಶವೇ ತಡೆಯುತ್ತದೆ. ಸಣ್ಣ ಪರದೆಗೆ ಬೇರೆ ನಿಯಮ ಬರೆಯಲೂ ಅಲ್ಲಿ ಅವಕಾಶವಿದೆ. ಇನ್‌ಲೈನ್ ಸ್ಟೈಲಿನಲ್ಲಿ ಅದು ಆಗದ ಕೆಲಸ.

ಆದರೆ ಎಚ್ಚರ ಬೇಕು. ಹಂಚಿಕೊಂಡ ಹಾಳೆಯಲ್ಲಿ ಒಂದು ಸಾಲು ತಪ್ಪಿದರೆ ಅದನ್ನು ಬಳಸುವ ಎಲ್ಲ ಪುಟಗಳಲ್ಲೂ ಆ ತಪ್ಪು ಕಾಣುತ್ತದೆ. ಆದ್ದರಿಂದ ಮೊದಲು ಪ್ರಯೋಗದ ಪುಟದಲ್ಲಿ ಮಾಡಿ ನೋಡಬೇಕು, ಚರ್ಚೆ ಪುಟದಲ್ಲಿ ಹತ್ತು ಜನರನ್ನು ಕೇಳಬೇಕು. ದೊಡ್ಡ ಭಾಷೆಗಳಿಗೆ ಸಾವಿರಾರು ಕೈಗಳಿವೆ. ಕನ್ನಡಕ್ಕಿರುವ ಕೈಗಳು ಕಡಿಮೆ. ಒಂದೇ ತಪ್ಪನ್ನು ನೂರು ಕಡೆ ತಿದ್ದುತ್ತ ಕೂಡ್ರುವುದು ನಮಗೆ ಕಟ್ಟುವುದಿಲ್ಲ.

ಪಾಲಕರೇ, ಈ ಕೆಲಸದಲ್ಲಿ ನಿಮಗೂ ಪಾಲಿದೆ. ಮಗು "ಇದು ಓದಲು ಬರುವುದಿಲ್ಲ" ಎಂದರೆ ಅದರ ಮೇಲೆ ರೇಗಬೇಡಿ, ಮೊದಲು ಪರದೆಯನ್ನು ನೋಡಿರಿ. ಅಕ್ಷರ ಮುಚ್ಚಿದೆಯೇ, ಕೋಷ್ಟಕ ಹೊರಗೆ ಹೋಗಿದೆಯೇ ಎಂದು ಆ ಲೇಖನದ ಚರ್ಚೆ ಪುಟದಲ್ಲಿ ಕನ್ನಡದಲ್ಲಿಯೇ ಎರಡು ಸಾಲು ಬರೆಯಿರಿ. ಕಂಪ್ಯೂಟರ್ ಕಲಿಯುತ್ತಿರುವ ನಿಮ್ಮ ಹಿರಿಯ ಮಕ್ಕಳು ಒಂದು ಟೆಂಪ್ಲೇಟಿನ ಸ್ಟೈಲ್‌ಶೀಟ್ ಸರಿಪಡಿಸಿದರೆ, ಇಲ್ಲಿಯ ಮಗುವಿನಂತೆ ಕಾಸರಗೋಡಿನ ಮಗುವೂ ಅದೇ ದಿನ ಆ ಪುಟ ಓದಬಲ್ಲದು.