ಎಷ್ಟು ನೌಕರರು, ಯಾವ ಕೆಲಸಕ್ಕೆ?

ಸರ್ಕಾರಿ ನೌಕರರು ಹೆಚ್ಚಾದರೋ ಕಡಿಮೆಯಾದರೋ ಎಂಬ ಚರ್ಚೆ ಬಂದಾಗಲೆಲ್ಲ ನಾವು ಜನಸಂಖ್ಯೆಯನ್ನೋ ಸಂಬಳದ ವೆಚ್ಚವನ್ನೋ ಮುಂದಿಡುತ್ತೇವೆ. ಏಳನೆಯ ಕೇಂದ್ರ ವೇತನ ಆಯೋಗವೂ ಒಂದು ಲಕ್ಷ ಜನರಿಗೆ ಅಮೆರಿಕದ ಫೆಡರಲ್ ಸರ್ಕಾರದಲ್ಲಿ 668 ನೌಕರರಿದ್ದರೆ ಭಾರತದ ಕೇಂದ್ರ ಸರ್ಕಾರದಲ್ಲಿ 139 ಮಂದಿ ಎಂದು ತೋರಿಸಿತು. ನಮ್ಮದು ಅತಿಯಾಗಿ ಕೊಬ್ಬಿದ ಸರ್ಕಾರ ಎನ್ನುವವರಿಗೆ ಇಷ್ಟು ಉತ್ತರ ಸಾಕು. ಆದರೆ ನಮ್ಮಲ್ಲಿ ರೈಲು ಓಡಿಸುವವರೂ ಕೇಂದ್ರದ ನೌಕರರೇ. ಶಾಲೆ, ಪೊಲೀಸ್ ಠಾಣೆ, ಜಿಲ್ಲಾಸ್ಪತ್ರೆಗಳನ್ನು ನಡೆಸುವವರು ಬಹುಪಾಲು ರಾಜ್ಯದವರು. ಒಂದು ತಾಲ್ಲೂಕಿಗೆ ಎಷ್ಟು ಭೂಮಾಪಕರು ಬೇಕೆಂಬುದನ್ನು ಇಂಥ ಸರಾಸರಿ ಹೇಳಲಾರದು. ಎಣಿಕೆ ಕೆಲಸದಿಂದ ಶುರುವಾಗಬೇಕು, ತಲೆಗಳಿಂದಲ್ಲ ಎಂಬುದೇ ನನ್ನ ವಾದ.

ತಲೆ ಎಣಿಸಿ ಕಡಿತ ಮಾಡಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರವಿಲ್ಲ. ಐದನೆಯ ವೇತನ ಆಯೋಗ 1997ರಲ್ಲಿ, ಹತ್ತು ವರ್ಷಗಳಲ್ಲಿ ಸಿಬ್ಬಂದಿಯನ್ನು ಶೇ 30ರಷ್ಟು ಇಳಿಸಲು ಹೇಳಿತು. 2001ರಲ್ಲಿ ಕೇಂದ್ರ ಸರ್ಕಾರ ಲೆಕ್ಕ ಹಾಕಿತು: ವರ್ಷಕ್ಕೆ ಸುಮಾರು ಶೇ 3ರಷ್ಟು ಮಂದಿ ನಿವೃತ್ತರಾಗುತ್ತಾರೆ, ನೇಮಕ ಶೇ 1ನ್ನು ಮೀರದಿದ್ದರೆ ಐದು ವರ್ಷಗಳಲ್ಲಿ ಶೇ 10ರಷ್ಟು ಇಳಿಕೆ. ಯಾರನ್ನೂ ಮನೆಗೆ ಕಳಿಸದ ಉಪಾಯವಿದು, ಆ ಮಟ್ಟಿಗೆ ಮಾನವೀಯ. ಆದರೆ ನಿವೃತ್ತಿ ಬರುವುದು ವಯಸ್ಸಿನ ಪ್ರಕಾರ; ಯಾವ ಕೆಲಸ ಮುಗಿದಿದೆ, ಯಾವುದು ಬೆಳೆದಿದೆ ಎಂದು ಅದು ನೋಡುವುದಿಲ್ಲ. ಕೆಲಸ ಉಳಿದು ಹುದ್ದೆ ಇಲ್ಲದಿದ್ದಾಗ ದಿನಗೂಲಿಯವರು, ಗುತ್ತಿಗೆಯವರು ಬರುತ್ತಾರೆ. ಇಂಥ ನೌಕರರನ್ನು ಕಾಯಂ ಮಾಡುವ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತ ಉಮಾದೇವಿ ಪ್ರಕರಣ ಹುಟ್ಟಿದ್ದು ಕರ್ನಾಟಕದಲ್ಲೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷ ದಾಟಿ ದುಡಿದ ದಿನಗೂಲಿ ನೌಕರರು ಅದರಲ್ಲಿದ್ದರು. ಇಷ್ಟು ಕಾಲ ನಡೆದ ಕೆಲಸವನ್ನು ತಾತ್ಕಾಲಿಕ ಎನ್ನಲು ಹೇಗೆ ಸಾಧ್ಯ? ಬೊಕ್ಕಸಕ್ಕೆ ಹೊರೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ: ಹೊರೆ ಇಳಿದಿಲ್ಲ, ಭದ್ರತೆಯಿಲ್ಲದವರ ಹೆಗಲಿಗೆ ಹೋಗಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಕೆಲಸವನ್ನೇ ಅಳತೆಯಾಗಿಟ್ಟರೆ ಇಲಾಖೆಗಳು ಕೆಲಸವನ್ನೇ ಹುಟ್ಟಿಸಿಕೊಳ್ಳುತ್ತವೆ. ಬ್ರಿಟಿಷ್ ಇತಿಹಾಸಕಾರ ಪಾರ್ಕಿನ್ಸನ್ 1955ರಲ್ಲಿ ಬ್ರಿಟಿಷ್ ನೌಕಾಪಡೆಯ ಅಂಕಿಗಳಿಂದ ಇದನ್ನೇ ತೋರಿಸಿದರು. 1914ರಿಂದ 1928ರೊಳಗೆ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದರೆ, ನೌಕಾ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಆದ್ದರಿಂದಲೇ ಕಡತಗಳ ಓಡಾಟವನ್ನು ಕೆಲಸವೆಂದು ಎಣಿಸಬಾರದು. ಪ್ರಜೆಯ ಕೈಗೆ ಮುಟ್ಟಿದ್ದನ್ನು ಎಣಿಸಬೇಕು. ಇದು ಆಗದ ಮಾತಲ್ಲ. 1987ರಲ್ಲಿ ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದಿದ್ದ ಕಾನೂನು ಆಯೋಗವೇ, 2014ರ ವರದಿಯಲ್ಲಿ ಅಧೀನ ನ್ಯಾಯಾಲಯಗಳಿಗೆ ಜನಸಂಖ್ಯೆಯ ಅನುಪಾತವನ್ನು ಬಿಟ್ಟು, ಪ್ರಕರಣಗಳು ಇತ್ಯರ್ಥವಾಗುವ ದರದಿಂದ ಲೆಕ್ಕ ಹಾಕಿತು. ಇಂದಿನ ದರವೇ ಸರಿಯಾದ ದರವೆಂದು ಈ ವಿಧಾನ ಭಾವಿಸುತ್ತದೆ ನಿಜ. ಆ ಕೊರತೆ ತುಂಬಲು ಇಲಾಖೆಯ ಹೊರಗಿನವರ ತಪಾಸಣೆ ಬೇಕು. ಹುದ್ದೆಯನ್ನು ರದ್ದು ಮಾಡುವ ಇಲಾಖೆ, ಆ ಕೆಲಸ ನಿಂತಿತೋ ಕಂಪ್ಯೂಟರಿಗೆ ಹೋಯಿತೋ ಗುತ್ತಿಗೆಗೆ ಹೋಯಿತೋ ಎಂಬುದನ್ನು ಶಾಸನಸಭೆಯ ಮುಂದೆ ಲಿಖಿತವಾಗಿ ಇಡಬೇಕು. ಖಾಲಿ ಬಿಟ್ಟ ಹುದ್ದೆಗೂ ಅದೇ ನಿಯಮ ಇರಬೇಕು.